ಕ್ಲಾಸ್ ತನಕ ಹೋಗೋಕೆ ಚಂದಾ ಎತ್ತಬೇಕಾ? ಪವರ್ ವೀಲ್‌ಚೇರ್ ಫಂಡ್‌ರೈಸರ್ ಹಿಂದಿನ ಲೆಕ್ಕ

ಕ್ಲಾಸ್ ಮುಗಿದು ಎಲ್ರೂ ಎದ್ದು ಹೋದ್ಮೇಲೆ ಖಾಲಿ ರೂಮಲ್ಲಿ ನನ್ನ ಫ್ರೆಂಡು ಒಬ್ಬಳೇ 40 ನಿಮಿಷ ಕೂತಿದ್ಲು. ಅವಳ ವೀಲ್‌ಚೇರ್ ತಳ್ಕೊಂಡು ಹೋಗ್ಬೇಕಾಗಿದ್ದವಳು ನಾನು, ನನಗೆ ಲ್ಯಾಬ್ ಎಳೀತು, ಫೋನ್ ಬ್ಯಾಗಲ್ಲೇ ಉಳೀತು. ನಾನು ಓಡ್ಕೊಂಡು ಬರೋಷ್ಟ್ರಲ್ಲಿ ಯಾರೋ ಬಂದು ಲೈಟ್ ಆಫ್ ಮಾಡಿ ಹೋಗಿದ್ರು, ಹಿಂದಿನ ಮೂಲೇಲಿ ಕೂತಿದ್ದ ಅವಳು ಅವ್ರಿಗೆ ಕಾಣಿಸ್ಲೇ ಇಲ್ವಂತೆ, ಕೂಗಿ ಕರೆಯೋಕೆ ಇವಳಿಗೂ ಮುಜುಗರ. ಬೈತಾಳೆ ಅನ್ಕೊಂಡೇ ಒಳಗೆ ಹೋದೆ. "ಸಾರಿ ಕಣೇ, ನಿಂಗೆ ದಿನಾ ಇದೇ ಕೆಲ್ಸ ಆಗೋಯ್ತು" ಅಂದ್ಲು. ಕತ್ತಲಲ್ಲಿ ಕೂತವಳು ಅವಳು, ಸಾರಿ ಕೇಳಿದ್ದೂ ಅವಳೇ, ಅದು ನಂಗೆ ಇವತ್ತಿಗೂ ಚುಚ್ಚತ್ತೆ. ಪವರ್ ವೀಲ್‌ಚೇರ್‌ಗೆ, ಅಂದ್ರೆ ಬ್ಯಾಟ್ರಿಯಿಂದ ತಾನೇ ಓಡೋ ಕುರ್ಚಿಗೆ, ಆನ್‌ಲೈನ್‌ನಲ್ಲಿ ದುಡ್ಡು ಎತ್ತೋಣ ಅನ್ನೋ ಮಾತು ಬಂದಿದ್ದು ಆವತ್ತೇ.

ಈ ಥರದ ಫಂಡ್‌ರೈಸರ್‌ಗಳನ್ನ ನೀವೂ ನೋಡಿರ್ತೀರ. ಒಬ್ಬ ಸ್ಟೂಡೆಂಟ್, ಒಂದು ಫೋಟೋ, ಕೆಳಗೆ ಒಂದು ದೊಡ್ಡ ಮೊತ್ತ, ಅದರಲ್ಲಿ ಇಷ್ಟು ಬಂತು ಅಂತ ತೋರಿಸೋ ಪಟ್ಟಿ. ಸ್ವಲ್ಪ ದುಡ್ಡು ಹಾಕಿ, ಶೇರ್ ಮಾಡಿ ಮುಂದಕ್ಕೆ ಹೋಗ್ತೀವಿ, ಅದೇನೂ ತಪ್ಪಲ್ಲ. ಆದ್ರೆ ಈ ಮೊತ್ತ ಯಾಕೆ ಅಷ್ಟು ದೊಡ್ಡದು, ಆಸ್ಪತ್ರೆ ಇನ್ಶೂರೆನ್ಸ್ ಸರ್ಕಾರ ಕಾಲೇಜು ಇಷ್ಟೆಲ್ಲ ಇದ್ದೂ ಅದು ಯಾಕೆ 19-20 ವರ್ಷದ ಹುಡುಗಿ ತಲೆ ಮೇಲೆ ಬಂದು ಕೂತಿದೆ ಅನ್ನೋದನ್ನ ನಾವು ಕೇಳೋದು ಕಮ್ಮಿ. ಅವಳ ಜೊತೆ ಆ ಪೇಜ್ ಬರೆಯೋಕೆ ಕೂತಾಗ ನಾನೂ ಮೊದಲ ಸಲ ಇದನ್ನೆಲ್ಲ ಓದಿದ್ದು, ಓದ್ತಾ ಹೋದಷ್ಟೂ ಸಿಟ್ಟೇ ಬಂತು.

ಮೊದಲು ಆ ಕುರ್ಚಿ ಬಗ್ಗೆ ಹೇಳ್ತೀನಿ, ಯಾಕಂದ್ರೆ ತುಂಬಾ ಜನ "ಇರೋ ವೀಲ್‌ಚೇರ್ ಸಾಕಲ್ವಾ, ಇದು ಲಕ್ಷುರಿ ಅಲ್ವಾ" ಅಂತ ಕೇಳಿದ್ರು, ಒಳ್ಳೇ ಮನಸ್ಸಿಂದಾನೇ ಕೇಳಿದ್ರು. ಸಾಮಾನ್ಯ ವೀಲ್‌ಚೇರಲ್ಲಿ ಎರಡು ಥರ ಇದೆ, ಕೂತವರೇ ಕೈಯಿಂದ ಚಕ್ರ ತಿರುಗಿಸ್ಕೊಂಡು ಹೋಗೋದು ಒಂದು, ಹಿಂದೆ ನಿಂತು ಇನ್ನೊಬ್ರು ತಳ್ಳೋದು ಇನ್ನೊಂದು. ಕೈಯಲ್ಲಿ ಶಕ್ತಿ ಇರೋರಿಗೆ ಮೊದಲನೇದು ಸರಿ, ಆದ್ರೆ ವರ್ಷಗಟ್ಲೆ ಹಂಗೆ ತಿರುಗಿಸಿದ್ರೆ ಭುಜ ಸವೆಯತ್ತೆ, ಅದು ಆ ಬಳಕೆದಾರರಲ್ಲಿ ತುಂಬಾ ಸಾಮಾನ್ಯ ನೋವು. ಸ್ನಾಯು ಸೊರಗಿಸೋ ಮಸ್ಕ್ಯುಲರ್ ಡಿಸ್ಟ್ರೋಫಿ, ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿ, ಕುತ್ತಿಗೆ ಮಟ್ಟದಲ್ಲಿ ಬೆನ್ನುಹುರಿ ಪೆಟ್ಟು, ಕೆಲವು ಥರದ ಸೆರೆಬ್ರಲ್ ಪಾಲ್ಸಿ, ಇಂಥದ್ರಲ್ಲಿ ಕೈಗೇ ಶಕ್ತಿ ಇರಲ್ಲ, ಆಗ ಉಳಿಯೋದು ತಳ್ಳೋರು ಮಾತ್ರ. ತಳ್ಳೋರು ಇದ್ದಾರೆ ಅಂದ್ರೆ ನೀವು ಎಲ್ಲಿಗೆ, ಎಷ್ಟು ಹೊತ್ತಿಗೆ, ಯಾವ ದಾರೀಲಿ ಅನ್ನೋದೆಲ್ಲ ಅವ್ರ ಟೈಮ್‌ಟೇಬಲ್ಲೇ.

ನನ್ನ ಫ್ರೆಂಡು ಟ್ರಯಲ್‌ಗೆ ಅಂತ ಪವರ್ ವೀಲ್‌ಚೇರಲ್ಲಿ ಮೊದಲ ಸಲ ಕೂತ ದಿನ ನಾನು ಜೊತೇಲಿದ್ದೆ. ಥೆರಪಿಸ್ಟು ಜಾಯ್‌ಸ್ಟಿಕ್ ಹೆಂಗೆ ಹಿಡೀಬೇಕು, ಸ್ಪೀಡ್ ಹೆಂಗೆ ಕಮ್ಮಿ ಮಾಡ್ಬೇಕು ಅಂತ ತೋರಿಸಿದ್ರು, ಎರಡು ಸಲ ಬಾಗಿಲ ಚೌಕಟ್ಟಿಗೆ ಗುದ್ದಿದ್ಲು, ಆಮೇಲೆ ಯಾರಿಗೂ ಹೇಳ್ದೆ ಕಾರಿಡಾರ್ ಕೊನೆಗೆ ಹೋಗಿ ಅಲ್ಲಿದ್ದ ನೋಟೀಸ್ ಬೋರ್ಡ್ ಮುಂದೆ ನಿಲ್ಲಿಸ್ಕೊಂಡ್ಲು. ನಾವೆಲ್ಲ ಕಾಯ್ತಾ ಇದ್ವಿ, ಬರ್ಲೇ ಇಲ್ಲ. ಹೋಗಿ ನೋಡಿದ್ರೆ ಹಳೇ ಸುತ್ತೋಲೆಗಳನ್ನ ಮೇಲಿಂದ ಕೆಳಗೆ ಒಂದೊಂದಾಗಿ ಓದ್ತಾ ಇದ್ದಾಳೆ. "ತಳ್ಳೋರು ಎಲ್ಲಿ ನಿಲ್ಲಿಸ್ತಾರೋ ಅದನ್ನಷ್ಟೇ ನೋಡಿ ಅಭ್ಯಾಸ, ಇದನ್ನ ನಾನೇ ನಿಂತು ನೋಡ್ತಾ ಇದೀನಿ" ಅಂದ್ಲು. ಲಕ್ಷುರಿ ಅನ್ನೋರಿಗೆ ನನ್ನ ಹತ್ರ ಇದಕ್ಕಿಂತ ದೊಡ್ಡ ಉತ್ತರ ಇಲ್ಲ.

ಈ ಯಂತ್ರದ ಕತೆ ಹಳೇದು. ಕೆನಡಾದ ನ್ಯಾಷನಲ್ ರಿಸರ್ಚ್ ಕೌನ್ಸಿಲ್‌ನಲ್ಲಿ ಇಂಜಿನಿಯರ್ ಆಗಿದ್ದ ಜಾರ್ಜ್ ಕ್ಲೈನ್ ಅನ್ನೋರು, ಎರಡನೇ ಮಹಾಯುದ್ಧದಲ್ಲಿ ಪೆಟ್ಟು ತಿಂದು ಕೈಕಾಲು ಸ್ವಾಧೀನ ಕಳ್ಕೊಂಡ ಸೈನಿಕರಿಗೋಸ್ಕರ 1950ರ ದಶಕದ ಶುರುವಿನಲ್ಲಿ ವಿದ್ಯುತ್ ವೀಲ್‌ಚೇರ್ ತಯಾರು ಮಾಡಿದ್ರು, ಅದ್ರಲ್ಲಿ ಒಂದೊಂದು ಚಕ್ರಕ್ಕೂ ಬೇರೆ ಬೇರೆ ಮೋಟರ್, ಜೊತೆಗೆ ಒಂದು ಜಾಯ್‌ಸ್ಟಿಕ್. ಇವತ್ತಿನ ಕುರ್ಚಿಗೂ ಮೂಲ ಇದೇ. ಇಲ್ಲಿ ನಂಗೆ ಮುಖ್ಯ ಅನ್ಸಿದ್ದು ಬೇರೆ, ಆ ಸೈನಿಕರು ಚಂದಾ ಪುಸ್ತಕ ಹಿಡ್ಕೊಂಡು ಮನೆಮನೆ ತಿರುಗಿ ಅದನ್ನ ಮಾಡಿಸ್ಕೊಳ್ಳಲಿಲ್ಲ, ದೇಶದ ಕೆಲ್ಸದಲ್ಲಿ ದೇಹ ಕೊಟ್ಟೋರಿಗೆ ಇದು ಸಲ್ಲಬೇಕು ಅಂತ ಸರ್ಕಾರಿ ಸಂಸ್ಥೆ ಕೂತು ಮಾಡ್ತು. ಅಂದ್ರೆ ಒಂದು ಗುಂಪಿಗೆ ಇದು ಹಕ್ಕು ಅಂತ ಒಪ್ಕೊಂಡ್ರೆ ದುಡ್ಡು, ತಲೆ, ಯಂತ್ರ ಎಲ್ಲಾ ಒಟ್ಟಿಗೆ ಬರತ್ತೆ. ಹುಟ್ಟಿನಿಂದಾನೇ ಕಾಯಿಲೆ ಇರೋ ಸ್ಟೂಡೆಂಟ್ ವಿಷಯಕ್ಕೆ ಬಂದಾಗ ಮಾತ್ರ ಅದೇ ಯಂತ್ರ ದಾನದ ಲೆಕ್ಕಕ್ಕೆ ಬಂದ್ಬಿಡತ್ತೆ.

ಈಗ ಬೆಲೆ ವಿಷಯ. ದೇಹಕ್ಕೆ ತಕ್ಕ ಹಾಗೆ ಜೋಡಿಸಿದ ಒಳ್ಳೇ ಪವರ್ ವೀಲ್‌ಚೇರ್ ಒಂದು ಕಾರಿನ ಬೆಲೆಗೆ ಹತ್ತಿರ ಹೋಗತ್ತೆ ಅಂದ್ರೆ ಯಾರೂ ನಂಬಲ್ಲ, ಎರಡು ಮೋಟರು ನಾಲ್ಕು ಚಕ್ರಕ್ಕೆ ಇಷ್ಟಾ ಅಂತಾರೆ. ಅಸಲಿ ಖರ್ಚು ಇರೋದು ಸೀಟಲ್ಲಿ. ದಿನಕ್ಕೆ 10-12 ಗಂಟೆ ಒಂದೇ ಕಡೆ ಕೂತ್ಕೊಳ್ಳೋರಿಗೆ ಕೂರೋ ಮೂಳೆ ಕೆಳಗಿನ ಚರ್ಮಕ್ಕೆ ರಕ್ತ ಹೋಗದೆ ಹುಣ್ಣಾಗತ್ತೆ, ನಾವು ಬೆಡ್‌ಸೋರ್ ಅಂತೀವಲ್ಲ ಅದೇ, ಒಂದ್ಸಲ ಆಳಕ್ಕೆ ಹೋದ್ರೆ ತಿಂಗಳುಗಟ್ಲೆ ಹಾಸಿಗೆ ಹಿಡೀಬೇಕು, ಸೋಂಕು ರಕ್ತಕ್ಕೆ ಸೇರಿದ್ರೆ ಜೀವಕ್ಕೇ ಅಪಾಯ. ನಾವು ನೀವು ಕೂತಲ್ಲೇ ಗೊತ್ತಿಲ್ದೆ ಆ ಕಡೆ ಈ ಕಡೆ ಸರಿತಾ ಇರ್ತೀವಿ, ಅವರಿಗೆ ಅದು ಆಗಲ್ಲ. ಅದಕ್ಕೇ ಟಿಲ್ಟ್ ಅಂತ ಒಂದಿದೆ, ಬಟನ್ ಒತ್ತಿದ್ರೆ ಇಡೀ ಸೀಟು ಹಂಗೇ ಹಿಂದಕ್ಕೆ ವಾಲತ್ತೆ, ಭಾರ ತೊಡೆಯಿಂದ ಬೆನ್ನಿಗೆ ಹೋಗತ್ತೆ. ಇದರ ಜೊತೆ ಒತ್ತಡ ಹಂಚೋ ಕುಶನ್, ಬೆನ್ನು ಒಂದ್ಕಡೆ ಬಾಗದ ಹಾಗೆ ಪಕ್ಕದ ಆಸರೆ, ತಲೆಗೆ ಆಸರೆ. ಕೈಬೆರಳೂ ಆಡದೇ ಇರೋರಿಗೆ ಗಲ್ಲದಿಂದ ಓಡಿಸೋ ಜಾಯ್‌ಸ್ಟಿಕ್, ತಲೆ ಅಲ್ಲಾಡಿಸಿ ಓಡಿಸೋ ಸೆನ್ಸರ್, ಪೈಪಲ್ಲಿ ಉಸಿರು ಊದಿ ಎಳೆದು ಓಡಿಸೋ ಕಂಟ್ರೋಲ್ ಕೂಡ ಇದೆ. ಇವೆಲ್ಲ ಒಬ್ಬೊಬ್ರಿಗೆ ಒಂದೊಂದು ಅಳತೆ, ಲಕ್ಷಗಟ್ಲೆ ಒಂದೇ ಅಚ್ಚಲ್ಲಿ ಮಾಡೋಕಾಗಲ್ಲ.

ಫಂಡ್‌ರೈಸರ್ ಮಾಡೋ ಸ್ಟೂಡೆಂಟ್‌ಗಳು ಸಿಕ್ಕಿ ಬೀಳೋದು ಇಲ್ಲೇ. ಮಡಚೋ ಥರದ, ಲಿಥಿಯಂ ಬ್ಯಾಟ್ರಿಯ ಹಗುರ ಪವರ್ ಚೇರ್ ಸಿಗತ್ತೆ, ಸುಮಾರು 25-30 ಕೆಜಿ, ಕಾರ್ ಡಿಕ್ಕಿಗೆ ಹಾಕ್ಬಹುದು, ಬೆಲೆ ತುಂಬಾ ಕಮ್ಮಿ, ಗುರಿ ಮೊತ್ತ ಬೇಗ ಮುಟ್ಟತ್ತೆ. ಆದ್ರೆ ಅಂಥ ಮಾಡೆಲ್‌ಗಳಲ್ಲಿ ಸಾಮಾನ್ಯವಾಗಿ ಟಿಲ್ಟ್ ಇರಲ್ಲ, ಸೀಟಂದ್ರೆ ಬರೀ ಒಂದು ಬಟ್ಟೆ, ಒಂದು ತೆಳು ಕುಶನ್. ದೇಹಕ್ಕೆ ಹೊಂದೋ ದೊಡ್ಡ ಚೇರು 100 ಕೆಜಿ ದಾಟತ್ತೆ, ಇಬ್ರು ಸೇರಿದ್ರೂ ಎತ್ತೋಕಾಗಲ್ಲ, ರ್‍ಯಾಂಪ್ ಇರೋ ಗಾಡಿನೇ ಬೇಕು, ಗಾಡಿ ಒಳಗೆ ಚೇರನ್ನ ನಾಲ್ಕು ಕಡೆ ಬೆಲ್ಟ್ ಹಾಕಿ ನೆಲಕ್ಕೆ ಬಿಗಿಯೋ ವ್ಯವಸ್ಥೆ ಬೇಕು. ನನ್ನ ಫ್ರೆಂಡು ಮೂರು ವಾರ ಇದ್ರಲ್ಲೇ ಒದ್ದಾಡಿದ್ಲು. ಹಗುರದ್ದು ತಗೊಂಡ್ರೆ ನಾಳೆಯಿಂದಾನೇ ಕಾಲೇಜಿಗೆ ಒಬ್ಬಳೇ ಹೋಗ್ಬಹುದು, ಆದ್ರೆ ಬೆನ್ನು ಈಗಾಗ್ಲೇ ಸ್ವಲ್ಪ ಬಾಗಿದೆ, ಎರಡು ವರ್ಷದಲ್ಲಿ ಇನ್ನೂ ಬಾಗಿದ್ರೆ ಉಸಿರಾಟಕ್ಕೇ ತೊಂದ್ರೆ ಅಂತ ಥೆರಪಿಸ್ಟ್ ನೇರವಾಗೇ ಹೇಳಿದ್ರು. ಅಮ್ಮ ಹಗುರದ್ದು ಅಂದ್ರು, ಅವರಿಗೆ ದಿನಾ ಎತ್ತಿ ಎತ್ತಿ ಸೊಂಟ ಹೋಗಿತ್ತು. ಇಂಥ ತೀರ್ಮಾನ ಒಂದು ಮನೆ ಒಳಗೆ ರಾತ್ರಿ ಊಟ ಆದ್ಮೇಲೆ ಕೂತು ಮಾಡೋದಲ್ಲ, ಆದ್ರೆ ಎಷ್ಟೋ ಮನೆಗಳಲ್ಲಿ ನಡೀತಾ ಇರೋದು ಹಂಗೇ.

ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ವೀಲ್‌ಚೇರ್ ಕೊಡೋದು ಹೆಂಗೆ ಅಂತ ಹೊಸ ಮಾರ್ಗಸೂಚಿ ತಂತು. ಅದರ ಪ್ರಕಾರ ಕೆಲ್ಸ ನಾಲ್ಕು ಹಂತ, ಆ ವ್ಯಕ್ತಿಗೆ ತಕ್ಕದ್ದನ್ನ ಆರಿಸೋದು, ದೇಹಕ್ಕೆ ಹೊಂದಿಸೋದು, ಬಳಸೋಕೆ ಕಲಿಸೋದು, ಆಮೇಲೂ ಬಂದು ನೋಡ್ತಾ ಇರೋದು. ಜಗತ್ತಲ್ಲಿ ಸುಮಾರು 8 ಕೋಟಿ ಜನಕ್ಕೆ ವೀಲ್‌ಚೇರ್ ಬೇಕು ಅನ್ನೋದು ಅದೇ ಸಂಸ್ಥೆಯ ಅಂದಾಜು, ಅಂದ್ರೆ ನೂರಕ್ಕೆ ಒಬ್ರು. ಅದಕ್ಕೂ ಮುಂಚೆ 2022ರಲ್ಲಿ ಯುನಿಸೆಫ್ ಜೊತೆ ಸೇರಿ ತಂದ ವರದಿ ಇನ್ನೂ ದೊಡ್ಡ ಚಿತ್ರ ಕೊಡತ್ತೆ, ಕನ್ನಡಕದಿಂದ ಹಿಡಿದು ವೀಲ್‌ಚೇರ್ ತನಕ ಒಂದಲ್ಲ ಒಂದು ಸಹಾಯಕ ಸಾಧನ ಬೇಕಾಗಿರೋರು 250 ಕೋಟಿ, ಅದ್ರಲ್ಲಿ ಹತ್ತಿರ ಹತ್ತಿರ 100 ಕೋಟಿ ಜನಕ್ಕೆ ಅದು ಸಿಕ್ಕಿಲ್ಲ, ಶ್ರೀಮಂತ ದೇಶಗಳಲ್ಲಿ ಬೇಕಾದವರಲ್ಲಿ ನೂರಕ್ಕೆ 90 ಜನಕ್ಕೆ ಸಿಕ್ಕಿದ್ರೆ ಬಡ ದೇಶಗಳಲ್ಲಿ ಕೆಲವು ಕಡೆ ನೂರಕ್ಕೆ 3. ಫಂಡ್‌ರೈಸರ್ ಪೇಜಲ್ಲಿ ಕಾಣೋ ಒಂದು ಮುಖದ ಹಿಂದೆ ಇರೋ ಸಾಲು ಇದು.

ಹಾಗಾದ್ರೆ ಶ್ರೀಮಂತ ದೇಶಗಳಲ್ಲಿ ಈ ಥರ ಚಂದಾ ಎತ್ತೋರು ಇರಬಾರದಲ್ವಾ? ಇದ್ದಾರೆ, ತುಂಬಾ ಜನ ಇದ್ದಾರೆ. ಯಾಕೆ ಅಂತ ನೋಡಿದ್ರೆ ಈ ಇಡೀ ವಿಷಯದ ಗಂಟು ಅಲ್ಲೇ ಸಿಗತ್ತೆ. ಅಮೆರಿಕದ ಮೆಡಿಕೇರ್ ಅನ್ನೋ ಸರ್ಕಾರಿ ಇನ್ಶೂರೆನ್ಸ್ ಪವರ್ ವೀಲ್‌ಚೇರ್‌ಗೆ ದುಡ್ಡು ಕೊಡತ್ತೆ, ಆದ್ರೆ ಒಂದು ಷರತ್ತು, ಅದು ಮನೆ ಒಳಗೆ ಓಡಾಡೋಕೆ ಬೇಕಾಗಿರ್ಬೇಕು. ರೂಮಿಂದ ಬಚ್ಚಲಿಗೆ, ಬಚ್ಚಲಿಂದ ಅಡುಗೆ ಮನೆಗೆ ಹೋಗೋಕೆ ಇದಿಲ್ದೆ ಆಗಲ್ಲ ಅಂತ ಸಾಬೀತು ಮಾಡಿದ್ರೆ ಸರಿ, ಮನೇಲಿ ಹೆಂಗೋ ಸುಧಾರಿಸ್ತೀನಿ ಆದ್ರೆ ಹೊರಗೆ ಹೋಗೋಕೆ ಬೇಕು ಅಂದ್ರೆ ಅದು ಅಗತ್ಯ ಅಂತ ಎಣಿಸಲ್ಲ. ಅಲ್ಲಿನ ಅಂಗವಿಕಲರು ಈ ನಿಯಮದ ವಿರುದ್ಧ ವರ್ಷಗಳಿಂದ ಕೂಗ್ತಾ ಇದ್ದಾರೆ. ಕೂತಲ್ಲಿಂದ ಸೀಟನ್ನ ಮೇಲಕ್ಕೆ ಎತ್ತೋ ಸೌಲಭ್ಯ ಇದೆಯಲ್ಲ, ಕಪಾಟಿನ ಮೇಲಿನ ಸಾಲು ಎಟುಕೋಕೆ, ಹಾಸಿಗೆಗೆ ಜರುಗೋಕೆ, ಅದನ್ನ ಮೆಡಿಕೇರ್ ವೈದ್ಯಕೀಯ ಅಗತ್ಯ ಅಂತ ಒಪ್ಪಿದ್ದೇ 2023ರಲ್ಲಿ, ಅಲ್ಲಿ ತನಕ ಅದು ಅನುಕೂಲಕ್ಕೆ ಅಷ್ಟೇ ಅನ್ನೋ ಲೆಕ್ಕದಲ್ಲಿತ್ತು.

ಒಬ್ಬ ಸ್ಟೂಡೆಂಟ್ ಜೀವನ ಯೋಚ್ನೆ ಮಾಡಿ. ಅವಳ ದಿನ ಇರೋದೇ ಮನೆ ಬಾಗಿಲ ಆಚೆ, ಬಸ್ಸು, ಗೇಟು, ಒಂದನೇ ಕ್ಲಾಸು ಈ ಬ್ಲಾಕು, ಎರಡನೇದು ಆ ಬ್ಲಾಕು, ಮಧ್ಯೆ 10 ನಿಮಿಷ, ಲೈಬ್ರರಿ, ಲ್ಯಾಬು, ಸಂಜೆ ಫ್ರೆಂಡ್ಸ್ ಜೊತೆ ಹರಟೆ. ಕೊಡೋ ವ್ಯವಸ್ಥೆಗಳು ಅಗತ್ಯ ಅನ್ನೋದನ್ನ ಮನೆಯ ನಾಲ್ಕು ಗೋಡೆ ಒಳಗೆ ಅಳೀತವೆ, ಕಾಲೇಜು ತನ್ನ ಗೇಟಿಂದ ಈಚೆ ಮಾತ್ರ ನೋಡತ್ತೆ, ಅದೂ ಕಟ್ಟಡ, ಪರೀಕ್ಷೆ, ಸೀಟು ಅಷ್ಟೇ, ಮಧ್ಯೆ ಇರೋ ದೂರ ಯಾರ ಲೆಕ್ಕದಲ್ಲೂ ಇಲ್ಲ. ಫಂಡ್‌ರೈಸರ್ ಹುಟ್ಟೋದು ಕರೆಕ್ಟಾಗಿ ಆ ದೂರದಲ್ಲಿ. ಆರೋಗ್ಯ ಇಲಾಖೆ ಹತ್ರ ಹೋದ್ರೆ ಓದಿಗೆ ತಾನೇ ಬೇಕಾಗಿರೋದು ಅಲ್ಲಿ ಕೇಳಿ ಅಂತಾರೆ, ಓದಿನ ಕಡೆ ಹೋದ್ರೆ ಇದು ವೈದ್ಯಕೀಯ ಸಾಧನ ನಮ್ಮದಲ್ಲ ಅಂತಾರೆ. ನನ್ನ ಫ್ರೆಂಡಿಗೆ ಎರಡೂ ಕಡೆ ಸೌಜನ್ಯವಾಗೇ ಮಾತಾಡಿದ್ರು, ಕುಡಿಯೋಕೆ ನೀರೂ ಕೊಟ್ರು, ಕೆಲ್ಸ ಮಾತ್ರ ಆಗ್ಲಿಲ್ಲ.

ಕಾನೂನು ಇಲ್ಲ ಅಂತಲ್ಲ. ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆ 2006ರಲ್ಲಿ ಅಂಗೀಕಾರ ಆಗಿ 2008ರಲ್ಲಿ ಜಾರಿಗೆ ಬಂತು, ಅದರ 20ನೇ ವಿಧಿ ಪೂರ್ತಿ ಓಡಾಟದ ಬಗ್ಗೇನೇ ಇದೆ, ತಾವು ಬಯಸಿದ ರೀತಿಯಲ್ಲಿ, ಬಯಸಿದ ಹೊತ್ತಿಗೆ, ಕೈಗೆಟಕೋ ಖರ್ಚಲ್ಲಿ ಓಡಾಡೋಕೆ ದೇಶಗಳು ಅನುವು ಮಾಡ್ಕೊಡ್ಬೇಕು ಅಂತ. "ಬಯಸಿದ ಹೊತ್ತಿಗೆ" ಅನ್ನೋ ಮಾತನ್ನ ನಾನು ಎರಡೆರಡು ಸಲ ಓದಿದೆ, ಆ 40 ನಿಮಿಷ ನೆನಪಾಗಿ. 24ನೇ ವಿಧಿ ಶಿಕ್ಷಣದ್ದು. ಜಗತ್ತಿನ ಬಹುಪಾಲು ದೇಶಗಳು ಇದನ್ನ ಒಪ್ಪಿವೆ. ಒಪ್ಪಿದ್ಮೇಲೆ ಇದನ್ನ ನಡೆಸಿ ತೋರಿಸ್ಬಹುದು ಅನ್ನೋಕೂ ಉದಾಹರಣೆ ಇದೆ, ನಾರ್ವೆಯಲ್ಲಿ ಸಹಾಯಕ ಸಾಧನ ಕೇಂದ್ರಗಳು ಅಂತಾನೇ ಇವೆ, ವೀಲ್‌ಚೇರನ್ನ ಅಲ್ಲಿಂದ ಉಚಿತವಾಗಿ ಎರವಲು ಕೊಡ್ತಾರೆ, ರಿಪೇರಿನೂ ಅವ್ರೇ ನೋಡ್ಕೊಳ್ತಾರೆ, ಬೇಡ ಆದಾಗ ವಾಪಸ್ ಹೋಗಿ ಇನ್ನೊಬ್ರಿಗೆ ಹೊಂದಿಸೋಕೆ ಸಿದ್ಧ ಆಗತ್ತೆ. ಲೈಬ್ರರಿ ಪುಸ್ತಕದ ಹಾಗೆ. ಬೆಳೆಯೋ ಮಕ್ಕಳ ವಿಷಯದಲ್ಲಂತೂ ಇದೇ ಸರಿಯಾದ ದಾರಿ, ಯಾಕಂದ್ರೆ 12ನೇ ವಯಸ್ಸಿಗೆ ಹೊಲಿಸಿದ ಬಟ್ಟೆ 16ಕ್ಕೆ ಆಗಲ್ಲ, ಚೇರೂ ಅಷ್ಟೇ.

ಈಗ ಆ ಫಂಡ್‌ರೈಸರ್ ಪೇಜ್ ವಿಷಯಕ್ಕೆ ಬರ್ತೀನಿ. ಆನ್‌ಲೈನ್‌ನಲ್ಲಿ ಕೇಳಿದ್ರೆ ದುಡ್ಡು ಬಂದೇ ಬರತ್ತೆ ಅನ್ನೋ ನಂಬಿಕೆ ಇದೆ, ಕಾರಣ ನಮ್ಮ ಕಣ್ಣಿಗೆ ಬೀಳೋದು ಗೆದ್ದ ಪೇಜ್‌ಗಳು ಮಾತ್ರ. ಅಮೆರಿಕದಲ್ಲಿ ಗೋಫಂಡ್‌ಮಿ ಅನ್ನೋ ಚಂದಾ ಎತ್ತೋ ವೆಬ್‌ಸೈಟಲ್ಲಿ 2016ರಿಂದ 2020ರ ತನಕ ನಡೆದ 4 ಲಕ್ಷಕ್ಕೂ ಹೆಚ್ಚು ವೈದ್ಯಕೀಯ ಫಂಡ್‌ರೈಸರ್‌ಗಳನ್ನ ಸಂಶೋಧಕರು ನೋಡಿದಾಗ ಗುರಿ ಮುಟ್ಟಿದ್ದು ನೂರಕ್ಕೆ ಸುಮಾರು 12 ಮಾತ್ರ. ಇನ್ಶೂರೆನ್ಸ್ ಇಲ್ಲದ, ಆದಾಯ ಕಮ್ಮಿ ಇರೋ ಕಡೆಯಿಂದ ಬಂದ ಕೋರಿಕೆಗಳಿಗೆ ಸಿಕ್ಕಿದ್ದೂ ಕಮ್ಮಿ. ಇದು ಆಶ್ಚರ್ಯ ಅಲ್ಲ. ದುಡ್ಡು ಬರೋದು ಪರಿಚಯದ ಬಳಗದಿಂದ, ಉಳ್ಳವರ ಬಳಗದಲ್ಲಿ ಉಳ್ಳವರೇ ಇರ್ತಾರೆ, ಬಡ ಹುಡುಗನ ಕಾಂಟ್ಯಾಕ್ಟ್ ಲಿಸ್ಟಲ್ಲಿ ಇರೋರೆಲ್ಲ ಅವನಷ್ಟೇ ಕಷ್ಟದಲ್ಲಿರೋರು. ಚೆನ್ನಾಗಿ ಬರೆಯೋಕೆ ಬರೋರು, ವಿಡಿಯೋ ಎಡಿಟ್ ಮಾಡೋ ಕಸಿನ್ ಇರೋರು, ನೋಡೋಕೆ ಚೆಂದ ಇರೋರು ಮುಂದೆ ಹೋಗ್ತಾರೆ. ಯಾರಿಗೆ ಚೇರ್ ಹೆಚ್ಚು ಅರ್ಜೆಂಟ್ ಅನ್ನೋದು ಅಲ್ಲಿ ಎಲ್ಲೂ ಬರಲ್ಲ.

ನಾವು ಪೇಜ್ ಮಾಡುವಾಗ ಒಬ್ಬರು ಹಿರಿಯರು, ನಮ್ಮ ಒಳ್ಳೇದಕ್ಕೇ, "ಸ್ವಲ್ಪ ಕಣ್ಣೀರು ಬರೋ ಥರ ಬರೀರಮ್ಮ, ನಗ್ತಾ ಇರೋ ಫೋಟೋ ಹಾಕಿದ್ರೆ ಯಾರು ಕೊಡ್ತಾರೆ" ಅಂದ್ರು. ಅವಳು ಆ ರಾತ್ರಿ ಮೂರು ಫೋಟೋ ಕಳಿಸಿದ್ಲು, ಮೂರರಲ್ಲೂ ನಗ್ತಾ ಇಲ್ಲ. ಕೆಳಗೆ "ಯಾವ್ದು ಓಕೆ?" ಅಂತ ಒಂದೇ ಸಾಲು. ಕನ್ನಡಿ ಮುಂದೆ ಕೂತು ಬೇಜಾರಿನ ಮುಖ ಪ್ರಾಕ್ಟೀಸ್ ಮಾಡಿದ್ದಾಳೆ ಅಂತ ನಂಗೆ ಗೊತ್ತಾಯ್ತು, ಉತ್ತರ ಟೈಪ್ ಮಾಡೋಕೇ ಆಗ್ಲಿಲ್ಲ. ಕೊನೆಗೆ ನಾವು ಹಾಕಿದ್ದು ಡಿಬೇಟ್‌ನಲ್ಲಿ ಮೈಕ್ ಹಿಡ್ಕೊಂಡು ಮಾತಾಡ್ತಿರೋ ಫೋಟೋ.

ಈ ಕಣ್ಣೀರಿನ ವ್ಯಾಪಾರದ ವಿರುದ್ಧ ಅಂಗವಿಕಲರೇ ಎದ್ದು ನಿಂತ ದೊಡ್ಡ ಇತಿಹಾಸ ಇದೆ. ಅಮೆರಿಕದಲ್ಲಿ ಮಸ್ಕ್ಯುಲರ್ ಡಿಸ್ಟ್ರೋಫಿಗೆ ಅಂತ ಜೆರಿ ಲೂಯಿಸ್ ಅನ್ನೋ ನಟ ದಶಕಗಳ ಕಾಲ ಟಿವಿಯಲ್ಲಿ ಟೆಲಿಥಾನ್ ನಡೆಸ್ತಿದ್ರು, ಗಂಟೆಗಟ್ಲೆ ಲೈವ್, ಮಕ್ಕಳನ್ನ ವೇದಿಕೆಗೆ ತಂದು ದುಡ್ಡು ಕೇಳೋದು. 1981ರಲ್ಲಿ ಇವಾನ್ ಕೆಂಪ್ ಅನ್ನೋ ವಕೀಲರು, ಅವರೂ ವೀಲ್‌ಚೇರ್ ಬಳಸ್ತಿದ್ರು, ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಲೇಖನ ಬರೆದು ಈ ಅನುಕಂಪ ಬೇಡ, ಇದರಿಂದ ನಮ್ಮನ್ನ ಕೆಲ್ಸಕ್ಕೆ ತಗೊಳ್ಳೋರು, ಜೊತೆಗೆ ಕೂರಿಸ್ಕೊಳ್ಳೋರು ಕಮ್ಮಿ ಆಗ್ತಾರೆ ಅನ್ನೋ ಅರ್ಥದಲ್ಲಿ ನೇರವಾಗಿ ಹೇಳಿದ್ರು. ಲಂಡನ್‌ನಲ್ಲಿ 1990 ಮತ್ತು 1992ರಲ್ಲಿ ಐಟಿವಿ ಅನ್ನೋ ಚಾನೆಲ್ಲಿನ ಟೆಲಿಥಾನ್ ವಿರುದ್ಧ ಸ್ಟುಡಿಯೋ ಹೊರಗೇ ಪ್ರತಿಭಟನೆ ಆಯ್ತು, 1992ರ ನಂತರ ಆ ಟೆಲಿಥಾನ್ ಮತ್ತೆ ನಡೀಲೇ ಇಲ್ಲ. ಆಸ್ಟ್ರೇಲಿಯಾದ ಹಾಸ್ಯ ಕಲಾವಿದೆ ಸ್ಟೆಲ್ಲಾ ಯಂಗ್ ಇನ್ನೊಂದು ಮಗ್ಗುಲು ತೋರಿಸಿದ್ರು, ಅಂಗವಿಕಲರನ್ನ ಅಯ್ಯೋ ಪಾಪ ಅನ್ನೋದು ಎಷ್ಟು ತಪ್ಪೋ ಏನೂ ಮಾಡದೇ ಇದ್ರೂ ಸ್ಫೂರ್ತಿ ಅಂತ ತಲೆ ಮೇಲೆ ಕೂರಿಸೋದೂ ಅಷ್ಟೇ ತಪ್ಪು, ಎಷ್ಟೇ ನಗುನಗುತ್ತಾ ನೋಡಿದ್ರೂ ಮೆಟ್ಟಿಲು ರ್‍ಯಾಂಪ್ ಆಗಲ್ಲ ಅಂತ ಹೇಳಿದ್ರು. ಅವರೂ ವೀಲ್‌ಚೇರ್ ಬಳಸ್ತಿದ್ದವರೇ, 2014ರಲ್ಲಿ 32ನೇ ವಯಸ್ಸಿಗೆ ತೀರ್ಕೊಂಡ್ರು. ಟಿವಿ ಟೆಲಿಥಾನ್ ಹೋಯ್ತು, ಆದ್ರೆ ನನಗನ್ಸೋದು ಅದು ಚೂರುಚೂರಾಗಿ ನಮ್ಮ ಫೋನಿಗೆ ಬಂದಿದೆ, ಈಗ ಒಬ್ಬೊಬ್ಬ ಸ್ಟೂಡೆಂಟೂ ತನ್ನ ಟೆಲಿಥಾನನ್ನ ತಾನೇ ನಡೆಸ್ಬೇಕು, ಪರೀಕ್ಷೆಗೆ ಓದ್ತಾ.

ಇದರಿಂದ ದುಡ್ಡು ಕೊಡಬೇಡಿ ಅಂತ ನಾನು ಹೇಳ್ತಾ ಇಲ್ಲ, ದಯವಿಟ್ಟು ಕೊಡಿ, ವ್ಯವಸ್ಥೆ ಸರಿ ಹೋಗೋ ತನಕ ಆ ಹುಡುಗಿ ಕಾಯೋಕಾಗಲ್ಲ, ಅವಳ ಡಿಗ್ರಿ ಮೂರು ವರ್ಷದ್ದು. ಕೊಡೋ ಮುಂಚೆ ಪೇಜಲ್ಲಿ ಯಾವ ಮಾಡೆಲ್, ಯಾರು ಅಳತೆ ತಗೊಂಡಿದ್ದಾರೆ, ಕೊಟೇಶನ್ ಇದೆಯಾ, ದುಡ್ಡು ನೇರ ಮಾರೋರಿಗೆ ಹೋಗತ್ತಾ ಅಂತ ನೋಡಿ. ಅವಳ ಡಯಾಗ್ನೋಸಿಸ್ ಪೂರ್ತಿ ಹಾಕಿಲ್ಲ ಅಂತ ಅನುಮಾನ ಪಡ್ಬೇಡಿ, ಇಂಟರ್ನೆಟ್ಟಿಗೆ ಒಂದ್ಸಲ ಹೋದ ಮೆಡಿಕಲ್ ರಿಪೋರ್ಟು ನಾಳೆ ಅವಳು ಕೆಲ್ಸ ಕೇಳೋಕೆ ಹೋದಾಗ್ಲೂ ಅಲ್ಲೇ ಇರತ್ತೆ. ಪೇಜ್ ಮಾಡೋ ಸ್ಟೂಡೆಂಟ್‌ಗಳಿಗೂ ಒಂದು ಮಾತು, ಗುರಿ ಮೊತ್ತಕ್ಕೆ ಬರೀ ಚೇರಿನ ಬೆಲೆ ಹಾಕ್ಬೇಡಿ. ನಾವು ಮಾಡಿದ ತಪ್ಪು ಅದೇ.

ಯಾಕಂದ್ರೆ ಚೇರ್ ಬಂದ ದಿನ ಖರ್ಚು ಮುಗಿಯಲ್ಲ, ಶುರುವಾಗತ್ತೆ. ದೊಡ್ಡ ಚೇರುಗಳಲ್ಲಿ ಸಾಮಾನ್ಯವಾಗಿ 12 ವೋಲ್ಟಿನ ಎರಡು ಬ್ಯಾಟ್ರಿ ಸೇರಿ 24 ವೋಲ್ಟ್ ಕೊಡ್ತವೆ, ದಿನಾ ರಾತ್ರಿ ಚಾರ್ಜಿಗೆ ಹಾಕ್ಬೇಕು, ಪೂರ್ತಿ ಖಾಲಿ ಆಗೋಕೆ ಬಿಟ್ರೆ ಬೇಗ ಕೆಡ್ತವೆ, ಚೆನ್ನಾಗಿ ನೋಡ್ಕೊಂಡ್ರೂ ಒಂದೆರಡು ವರ್ಷಕ್ಕೆ ಬದಲಾಯಿಸ್ಬೇಕಾಗತ್ತೆ. ಪೇಪರ್ ಮೇಲೆ ಬರೆದಿರೋ ಕಿಲೋಮೀಟರ್ ನಂಬೋ ಹಾಗಿಲ್ಲ, ಏರು ಹತ್ತಿದ್ರೆ, ಚಳಿ ಇದ್ರೆ, ಬ್ಯಾಟ್ರಿ ಹಳೇದಾದ್ರೆ ಇಳೀತಾ ಹೋಗತ್ತೆ. ಟೈರು, ಮುಂದಿನ ಚಿಕ್ಕ ಚಕ್ರದ ಬೇರಿಂಗು, ಜಾಯ್‌ಸ್ಟಿಕ್ ವೈರು, ಕುಶನ್ನು, ಒಂದಾದ ಮೇಲೆ ಒಂದು ಬರ್ತಾನೇ ಇರತ್ತೆ. ಸ್ಪೀಡ್ ಸೆಟ್ಟಿಂಗ್ ಬದಲಾಯಿಸೋದು, ಎರರ್ ತೆಗೆಯೋದು, ಇದಕ್ಕೆಲ್ಲ ಕಂಪನಿಯ ಸಾಫ್ಟ್‌ವೇರೇ ಬೇಕು, ಅವ್ರ ಕಡೆಯವರೇ ಬರ್ಬೇಕು. ಅಮೆರಿಕದ ಕೊಲರಾಡೋ ರಾಜ್ಯ 2022ರಲ್ಲಿ ಇದಕ್ಕೇ ಅಂತ ಕಾನೂನು ಮಾಡ್ತು, ಪವರ್ ವೀಲ್‌ಚೇರ್ ತಯಾರಿಸೋರು ಬಿಡಿ ಭಾಗ, ಉಪಕರಣ, ಸಾಫ್ಟ್‌ವೇರ್, ಮ್ಯಾನುಯಲ್ ಎಲ್ಲಾ ಬಳಸೋರಿಗೂ ಹೊರಗಿನ ರಿಪೇರಿಯವರಿಗೂ ಕೊಡ್ಬೇಕು ಅಂತ. ಫೋನ್ ಕೆಟ್ರೆ ಒಂದು ದಿನ ಬೇಜಾರು, ಚೇರ್ ಕೆಟ್ರೆ ಆ ಮನುಷ್ಯ ಹಾಸಿಗೆ ಬಿಟ್ಟು ಏಳೋ ಹಾಗಿಲ್ಲ, ಎಷ್ಟು ವಾರ ಅಂತ ಯಾರೂ ಹೇಳಲ್ಲ.

ಕಾಲೇಜು ಏನ್ ಮಾಡ್ಬಹುದು ಅನ್ನೋಕೆ 50 ವರ್ಷಕ್ಕಿಂತ ಹಳೇ ಉತ್ತರ ಒಂದಿದೆ. ಎಡ್ ರಾಬರ್ಟ್ಸ್ ಅಂತ, 14ನೇ ವಯಸ್ಸಿಗೆ ಪೋಲಿಯೋ ಬಂದು ಕತ್ತಿನ ಕೆಳಗೆ ಹೆಚ್ಚುಕಮ್ಮಿ ಏನೂ ಆಡ್ತಿರ್ಲಿಲ್ಲ, ಉಸಿರಾಡೋಕೂ ಯಂತ್ರ ಬೇಕು, 1962ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯ ಸೇರಿದ್ರು, ಹಾಸ್ಟೆಲ್ ಸರಿ ಹೋಗಲ್ಲ ಅಂತ ಕ್ಯಾಂಪಸ್ ಆಸ್ಪತ್ರೆಯಲ್ಲೇ ಇರೋಕೆ ಜಾಗ ಕೊಟ್ರು. ನಿನಗೆ ಪವರ್ ಚೇರ್ ಓಡಿಸೋಕೆ ಆಗಲ್ಲ ಅಂತ ಅವರಿಗೆ ಮುಂಚೆ ಹೇಳಿದ್ರಂತೆ, ಕೈಯಲ್ಲಿ ಎರಡು ಬೆರಳಷ್ಟೇ ಆಡ್ತಿತ್ತು, ಅದೂ ಒಂದೇ ದಿಕ್ಕಿಗೆ. ಆಮೇಲೆ ಅವರಿಗೆ ಪ್ರೀತಿ ಆಯ್ತು, ಹುಡುಗಿ ಜೊತೆ ಹೋಗುವಾಗ ಹಿಂದೆ ಚೇರ್ ತಳ್ಳೋಕೆ ಇನ್ನೊಬ್ಬ ಯಾಕೆ ಅನ್ನಿಸ್ತು, ಕಂಟ್ರೋಲನ್ನ ತಿರುಗಿಸಿ ಹಾಕಿಸ್ಕೊಂಡು ಒಂದೇ ದಿನದಲ್ಲಿ ಓಡಿಸೋದು ಕಲಿತ್ರು. ಅವರೂ ಅವರ ಜೊತೆಯವರೂ ಸೇರಿ 1970ರ ಹೊತ್ತಿಗೆ ಅಲ್ಲಿ ಅಂಗವಿಕಲ ಸ್ಟೂಡೆಂಟ್‌ಗಳಿಗೆ ಅಂತಾನೇ ಒಂದು ಕಾರ್ಯಕ್ರಮ ಶುರು ಮಾಡಿದ್ರು, ಅದರ ಒಳಗೆ ವೀಲ್‌ಚೇರ್ ರಿಪೇರಿ ವ್ಯವಸ್ಥೆ ಇತ್ತು. ಕ್ಯಾಂಪಸ್ಸಲ್ಲೇ, ಸ್ಟೂಡೆಂಟ್‌ಗಳ ಕೈಯಲ್ಲೇ. ರಾಬರ್ಟ್ಸ್ ಮುಂದೆ ಕ್ಯಾಲಿಫೋರ್ನಿಯಾದ ಪುನರ್ವಸತಿ ಇಲಾಖೆಯ ಮುಖ್ಯಸ್ಥರಾದ್ರು, 1995ರಲ್ಲಿ ತೀರ್ಕೊಂಡ್ರು, ಅವರ ಪವರ್ ವೀಲ್‌ಚೇರ್ ಈಗ ಸ್ಮಿತ್ಸೋನಿಯನ್ ಮ್ಯೂಸಿಯಂನಲ್ಲಿದೆ. ಪ್ರತಿ ಕಾಲೇಜಲ್ಲೂ ಸೈಕಲ್ ಸ್ಟ್ಯಾಂಡ್ ಇರತ್ತೆ, ಲೆಕ್ಚರರ್ ಕಾರಿಗೆ ಶೆಡ್ ಇರತ್ತೆ, ಒಂದು ಚಾರ್ಜಿಂಗ್ ಪಾಯಿಂಟು, ಒಂದು ಟೂಲ್ ಬಾಕ್ಸು, ಕೆಟ್ಟಾಗ ಒಂದು ವಾರಕ್ಕೆ ಕೊಡೋಕೆ ಒಂದು ಎಕ್ಸ್‌ಟ್ರಾ ಚೇರು ಇಡೋಕೆ ಆಗಲ್ವಾ? ಯುನಿಸೆಫ್ 2021ರಲ್ಲಿ ಹೇಳಿದ ಪ್ರಕಾರ ಅಂಗವಿಕಲ ಮಕ್ಕಳು ಶಾಲೆಯ ಮೆಟ್ಟಿಲೇ ಹತ್ತದೆ ಉಳಿಯೋ ಸಾಧ್ಯತೆ ಉಳಿದ ಮಕ್ಕಳಿಗಿಂತ 49% ಹೆಚ್ಚು. ಇಷ್ಟೆಲ್ಲ ದಾಟಿ ಕಾಲೇಜಿನ ತನಕ ಬಂದವಳನ್ನ ಒಂದು ಕೆಟ್ಟ ಬೇರಿಂಗಿಗೆ ಮನೇಲಿ ಕೂರಿಸೋದು ಯಾವ ನ್ಯಾಯ?

ನಮ್ಮ ಫಂಡ್‌ರೈಸರ್ ಏಳು ತಿಂಗಳು ನಡೀತು, ಗುರಿ ಪೂರ್ತಿ ಮುಟ್ಲಿಲ್ಲ, ಉಳಿದದ್ದಕ್ಕೆ ಅವರಪ್ಪ ಸಾಲ ಮಾಡಿದ್ರು. ಟಿಲ್ಟ್ ಇರೋ ಚೇರೇ ಬಂತು. ಈಗ ಕ್ಲಾಸ್ ಮುಗಿದ ಮೇಲೆ ಅವಳು ನನಗೆ ಕಾಯಲ್ಲ, ಎಷ್ಟೋ ಸಲ ನಾನೇ ಅವಳನ್ನ ಹುಡುಕ್ಕೊಂಡು ಹೋಗ್ತೀನಿ, ಲೈಬ್ರರಿ ಹಿಂದೆ ಒಂದು ಮರ ಇದೆ ಅಲ್ಲಿ ಸೀಟು ವಾಲಿಸ್ಕೊಂಡು ಕಣ್ಣು ಮುಚ್ಚಿ ಕೂತಿರ್ತಾಳೆ.

ಒಂದು ವಿಷಯ ಮಾತ್ರ ಹಾಗೇ ಇದೆ. ಅವಳ ಬ್ಯಾಗಲ್ಲಿರೋ ನೀರಿನ ಬಾಟಲಿ ಮುಂಚೆನೂ ಸಂಜೆ ತನಕ ತುಂಬೇ ಇರ್ತಿತ್ತು, ಈಗ್ಲೂ ತುಂಬೇ ಇರತ್ತೆ. ನೀರು ಕುಡಿದ್ರೆ ಟಾಯ್ಲೆಟ್‌ಗೆ ಹೋಗ್ಬೇಕು, ಹೊಸ ಚೇರು ಹಳೇದಕ್ಕಿಂತ ಅಗಲ, ಟಾಯ್ಲೆಟ್ ಬಾಗಿಲು ಅಷ್ಟು ಅಗಲ ಇಲ್ಲ. ಹೋದ ವಾರ ಇಬ್ರೂ ಟೇಪ್ ತಗೊಂಡು ಹೋಗಿ ಅಳೆದ್ವಿ, ನಾಲ್ಕು ಬೆರಳಷ್ಟು ಕಮ್ಮಿ ಇದೆ. ಅಳತೆ ಬರೆದು, ಫೋಟೋ ಅಂಟಿಸಿ ಅರ್ಜಿ ಕೊಟ್ಟಿದ್ದೀವಿ, ಸೀಲ್ ಹಾಕಿಸ್ಕೊಂಡ ಒಂದು ಕಾಪಿ ಅವಳ ಹತ್ರ ಇದೆ.